ವೃತ್ತ ಮೂಡದ ಬಟ್ಟೆ

ಗಾಯಕ್ಕೆ ಕಟ್ಟುವ ಬಟ್ಟೆ ತಾನೇ ಬ್ಯಾಕ್ಟೀರಿಯಾ ಕೊಲ್ಲಬೇಕು, ಅದರಲ್ಲಿ ಆಂಟಿಬಯಾಟಿಕ್ ಇರಬಾರದು. ಮಂಗಳೂರಿನ ಲ್ಯಾಬಿನಲ್ಲಿ ನಾನು ಹಿಡಿದ ಕೆಲಸ ಇದು. ಆರಿಸಿಕೊಂಡದ್ದು ಸಿಗಡಿ, ಏಡಿ ಸಿಪ್ಪೆಯಿಂದ ಸಿಗುವ ಕೈಟೊಸಾನ್. ಇದರ ಪಾಸಿಟಿವ್ ಚಾರ್ಜ್ ಬ್ಯಾಕ್ಟೀರಿಯಾದ ನೆಗೆಟಿವ್ ಹೊರಪದರಕ್ಕೆ ಅಂಟಿಕೊಂಡು ಅದನ್ನು ಹಾಳು ಮಾಡುತ್ತದೆ. ಇಡೀ ಹೊರಪದರವನ್ನೇ ಬದಲಿಸಿಕೊಂಡು ತಪ್ಪಿಸಿಕೊಳ್ಳುವುದು ಬ್ಯಾಕ್ಟೀರಿಯಾಕ್ಕೂ ಸುಲಭವಲ್ಲ, ಅಲ್ವಾ?

ಬಟ್ಟೆಗೆ ಬೇಕಾದ ಅತಿ ತೆಳು ಎಳೆಗಳನ್ನು ದ್ರಾವಣಕ್ಕೆ ಹೆಚ್ಚಿನ ವೋಲ್ಟೇಜ್ ಕೊಟ್ಟು ಸೂಜಿಯಿಂದ ಎಳೆಯುತ್ತೇವೆ (ಎಲೆಕ್ಟ್ರೋಸ್ಪಿನ್ನಿಂಗ್). ಕೈಟೊಸಾನ್ ಒಂದರಿಂದಲೇ ಎಳೆ ತೆಗೆಯುವುದು ಬಹಳ ಕಷ್ಟ, ಹನಿಹನಿಯಾಗಿ ಸಿಡಿಯುತ್ತದೆ. ಅಸಿಟಿಕ್ ಆಸಿಡ್‌ನಲ್ಲಿ ಕರಗಿಸಿ, ಎಳೆ ಸಲೀಸಾಗಿ ಬರಲೆಂದು ಪಾಲಿವಿನೈಲ್ ಆಲ್ಕೋಹಾಲ್ ಎಂಬ, ನೀರಿನಲ್ಲಿ ಕರಗುವ ಪಾಲಿಮರ್ ಬೆರೆಸಿದೆ. ಸೂಜಿಗೆ 18 ಕಿಲೋವೋಲ್ಟ್ ಕೊಟ್ಟು, 12 ಸೆಂ.ಮೀ. ದೂರದ ಫಾಯಿಲ್ ಮೇಲೆ ಎಳೆ ಹಿಡಿದೆ. ಜೂನ್ ಬಂತು ನೋಡಿ, ಮಳೆಯ ತೇವಕ್ಕೆ ಎಳೆಗಳು ಒಣಗದೆ ಒಂದಕ್ಕೊಂದು ಅಂಟಿ ಹಾಳೆಯಂತಾದವು. ಗಾಳಿಯ ತೇವ ತೆಗೆಯುವ ಯಂತ್ರ ಬರುವವರೆಗೆ ಕೆಲಸ ನಿಂತಿತು.

ಮೊದಲ ಪರೀಕ್ಷೆಗೆ ಬ್ಯಾಕ್ಟೀರಿಯಾ ಬೆಳೆಸುವ ಅಗರ್ ತಟ್ಟೆಯಲ್ಲಿ, ಗಾಯ ಕೀವಾಗಿಸುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾ ಹರಡಿ ಬಟ್ಟೆಯ ತುಂಡು ಇಟ್ಟೆ. ಮರುದಿನ ಅದರ ಸುತ್ತ ಬ್ಯಾಕ್ಟೀರಿಯಾ ಬೆಳೆಯದ, ಚೊಕ್ಕವಾದ ಖಾಲಿ ವೃತ್ತ! ಕುಣಿಯುವಷ್ಟು ಖುಷಿಯಾಯಿತು. ಮೇಡಂ ತಟ್ಟೆ ನೋಡಿ, "ಆಸಿಡ್ ಪೂರ್ತಿ ಹೋಗಿದೆಯೇನಮ್ಮಾ?" ಎಂದರು.

ಹೋಗಿರಲಿಲ್ಲ. ಅಂದರೆ ಬ್ಯಾಕ್ಟೀರಿಯಾ ಕೊಂದು ವೃತ್ತ ಮೂಡಿಸಿದ್ದು ಉಳಿದ ಆಸಿಡ್ಡೇ ಆಗಿರಬಹುದು. ತೊಳೆಯೋಣವೆಂದರೆ ಬಟ್ಟೆಯೇ ನೀರಿನಲ್ಲಿ ಕರಗುತ್ತದೆ. ಎಳೆ ಗಟ್ಟಿ ಮಾಡಲು ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕ ಬಳಸುವವರು ಜಾಸ್ತಿ. ಅದೂ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಹಾಗಾಗಿ ನನಗೆ ಬೇಡವಾಯಿತು. ದ್ರಾವಣಕ್ಕೆ ಸಿಟ್ರಿಕ್ ಆಸಿಡ್ ಸೇರಿಸಿ, ಬಟ್ಟೆಯನ್ನು ಓವನ್‌ನಲ್ಲಿ 140 ಡಿಗ್ರಿಗೆ ಕಾಯಿಸಿದೆ. ಆಮೇಲೆ ಚೆನ್ನಾಗಿ ತೊಳೆದು ಮತ್ತೆ ಪರೀಕ್ಷಿಸಿದೆ. ವೃತ್ತವೇ ಇಲ್ಲ.

ಎರಡು ವಾರ ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಒಂದು ದಿನ ಸುಮ್ನೆ ಚಿಮಟದಿಂದ ಬಟ್ಟೆ ಎತ್ತಿ ನೋಡಿದೆ. ಅದರ ಅಡಿಯಲ್ಲಿ ಬೆಳವಣಿಗೆ ತೀರಾ ತೆಳುವಾಗಿತ್ತು. ಆಗ ಹೊಳೆಯಿತು. ವೃತ್ತ ಮೂಡಬೇಕಾದರೆ ಔಷಧಿ ಹೊರಗೆ ಸೋರಬೇಕು. ನನ್ನ ಕೈಟೊಸಾನ್ ಎಳೆ ಬಿಟ್ಟು ಕದಲುವುದಿಲ್ಲ, ತಾಗಿದ್ದನ್ನು ಮಾತ್ರ ಕೊಲ್ಲುತ್ತದೆ. ನನಗೆ ಬೇಕಾಗಿದ್ದೂ ಅದೇ! ಔಷಧಿ ಸ್ವಲ್ಪಸ್ವಲ್ಪವೇ ಸೋರುತ್ತಿದ್ದರೆ, ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯಲು ಅವಕಾಶ ಜಾಸ್ತಿ.

ಅಲ್ಲಿಂದ ಪರೀಕ್ಷೆಯನ್ನೇ ಬದಲಿಸಿದೆ. ಬಟ್ಟೆಯ ಮೇಲೆ ಬ್ಯಾಕ್ಟೀರಿಯಾದ ನೀರು ಹಾಕಿ, 24 ಗಂಟೆ ಬಿಟ್ಟು, ಉಳಿದವನ್ನು ತೊಳೆದು ತೆಗೆದು ಎಣಿಸುವುದು. ಪಕ್ಕದಲ್ಲಿ ಕೈಟೊಸಾನ್ ಇಲ್ಲದ ಬಟ್ಟೆ ಇರಲೇಬೇಕು. ಪಿಎಚ್ (ಆಮ್ಲೀಯತೆಯ ಅಳತೆ, 7ಕ್ಕಿಂತ ಕಡಿಮೆಯಾದಷ್ಟೂ ಹೆಚ್ಚು ಆಮ್ಲೀಯ) 6ರಲ್ಲಿ ಬದುಕಿದ್ದು ಬೆರಳೆಣಿಕೆಯಷ್ಟು. 7.4ರಲ್ಲಿ ಮಾತ್ರ ತುಂಬಾ ಉಳಿದವು, ಏಕೆಂದರೆ ಸುಮಾರು 6.5 ದಾಟಿದರೆ ಕೈಟೊಸಾನ್ ತನ್ನ ಚಾರ್ಜ್ ಕಳೆದುಕೊಳ್ಳುತ್ತದೆ. ಮಾಯದ ಹಳೆಯ ಗಾಯಗಳ ಪಿಎಚ್ ಸಾಮಾನ್ಯವಾಗಿ 7ಕ್ಕಿಂತ ಮೇಲೆಯೇ ಇರುತ್ತದೆ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ನನ್ನ ಬಟ್ಟೆ ಆಗಬೇಕೆಂಬ ಆಸೆ ನನ್ನದು. ಅದಕ್ಕೇ ಈಗ, ಆ ಪಿಎಚ್‌ನಲ್ಲೂ ಚಾರ್ಜ್ ಉಳಿಸಿಕೊಳ್ಳುವ ಟ್ರೈಮಿಥೈಲ್ ಕೈಟೊಸಾನ್‌ನಿಂದ ಎಳೆ ತೆಗೆಯುತ್ತಿದ್ದೇನೆ.