ಬದಲಿ ಯಾರು? ಫೋರ್ಟಿನೈನರ್ಸ್ ತಂಡದ ಲೆಕ್ಕ ನಾನು ಇಟ್ಟ ಬಗೆ

2023ರ ಜನವರಿ 29. ಫಿಲಡೆಲ್ಫಿಯಾದಲ್ಲಿ ಅಮೆರಿಕನ್ ಫುಟ್‌ಬಾಲ್ ಪಂದ್ಯ. ಗೆದ್ದವರು ಸೂಪರ್ ಬೌಲ್‌ಗೆ, ಅಂದರೆ ಲೀಗ್‌ನ ಫೈನಲ್‌ಗೆ ಹೋಗುತ್ತಾರೆ. ನಮ್ಮ ಸ್ಯಾನ್ ಫ್ರಾನ್ಸಿಸ್ಕೊ ಫೋರ್ಟಿನೈನರ್ಸ್ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಬ್ರಾಕ್ ಪರ್ಡಿಯವರ ಮೊಣಕೈಗೆ ಆರಂಭದಲ್ಲೇ ಪೆಟ್ಟಾಯಿತು. ಬದಲಿಗೆ ಬಂದ ಜಾಶ್ ಜಾನ್ಸನ್ ತಲೆಗೆ ಏಟು ಬಿದ್ದು ಹೊರಗೆ ಹೋದರು. ಮೂರನೆಯವರು ಇರಲಿಲ್ಲ. ದೂರಕ್ಕೆ ಚೆಂಡು ಎಸೆಯಲಾಗದ ಪರ್ಡಿಯವರೇ ಮತ್ತೆ ಮೈದಾನಕ್ಕೆ ಬರಬೇಕಾಯಿತು. 31-7ರಲ್ಲಿ ಸೋತೆವು.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಷ್ಟು ದುಡ್ಡಿರುವ ತಂಡದಲ್ಲಿ ಚೆಂಡು ಎಸೆಯೋಕೆ ಇನ್ನೊಬ್ಬರು ಯಾಕಿಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋಗಿ, ಮೂರು ವರ್ಷದಿಂದ ತಂಡದ ಪ್ರತಿ ಆಟಗಾರನ ಗುತ್ತಿಗೆಯ ಲೆಕ್ಕ ಇಡುತ್ತಿದ್ದೇನೆ. ನಾನು ಹಾಸನದವಳು. ಸ್ಯಾಂಟಾ ಕ್ಲಾರಾದಲ್ಲಿ ಒಂದು ಕಚೇರಿಯ ಸಂಬಳದ ವಿಭಾಗದಲ್ಲಿ ಕೆಲಸ. ಊಟಕ್ಕೆ ಹೊರಗೆ ಹೋದರೆ ತಂಡದ ಲೆವೈಸ್ ಕ್ರೀಡಾಂಗಣ ಕಾಣುತ್ತದೆ. ಪಂದ್ಯ ಇಲ್ಲದ ತಿಂಗಳುಗಳಲ್ಲಿ ಅಲ್ಲಿ ಏನೂ ನಡೆಯುವುದಿಲ್ಲ ಅಂದುಕೊಂಡಿದ್ದೆ. ನಿಜವಾದ ಕೆಲಸ ನಡೆಯುವುದೇ ಆಗ.

ಈ ಅಮೆರಿಕನ್ ಫುಟ್‌ಬಾಲಿನ ಲೆಕ್ಕ ಐಪಿಎಲ್ ನೋಡುವವರಿಗೆ ಅರ್ಧ ಗೊತ್ತಿರುತ್ತದೆ. ಹರಾಜಿಗೆ ಪ್ರತಿ ತಂಡಕ್ಕೂ ಇಷ್ಟೇ ಪರ್ಸ್ ಅಂತ ಇರುತ್ತದೆ ಅಲ್ವಾ? ಇಲ್ಲಿ ಅದಕ್ಕೆ ಸ್ಯಾಲರಿ ಕ್ಯಾಪ್ ಅನ್ನುತ್ತಾರೆ. 2024ರಲ್ಲಿ ತಂಡಕ್ಕೆ 25 ಕೋಟಿ 54 ಲಕ್ಷ ಡಾಲರ್, 2025ರಲ್ಲಿ 27 ಕೋಟಿ 92 ಲಕ್ಷ ಡಾಲರ್. ಐಪಿಎಲ್ ತಂಡದಲ್ಲಿ ಹೆಚ್ಚೆಂದರೆ 25 ಜನ. ಇಲ್ಲಿ ಬೇಸಿಗೆಯಲ್ಲಿ 90 ಜನರನ್ನು ಇಟ್ಟುಕೊಳ್ಳಬಹುದು. ಆಗಸ್ಟ್ ಕೊನೆಗೆ ಅದನ್ನು 53ಕ್ಕೆ ಇಳಿಸಬೇಕು. ಜೊತೆಗೆ ಅಭ್ಯಾಸದ ತಂಡ ಅಂತ 16 ಜನ.

ಮೊದಲ ವರ್ಷ ನಾನು ಮಾಡಿದ ತಪ್ಪು ಹೇಳುತ್ತೇನೆ. ಎಕ್ಸೆಲ್ ತೆರೆದು, ಜಾಸ್ತಿ ಸಂಬಳದವರಿಂದ ಕಡಿಮೆ ಸಂಬಳದವರ ಕಡೆಗೆ ಹೆಸರು ಬರೆದೆ. ಮೇಲಿನ ಇಪ್ಪತ್ತೆರಡು ಜನ ಮುಗಿಯುವಷ್ಟರಲ್ಲಿ ಕೆಲಸ ಮುಗಿಯಿತು ಅನಿಸಿತು. ಅದು ಸಂಬಳದ ಪಟ್ಟಿ ಆಯಿತೇ ಹೊರತು ತಂಡದ ಪಟ್ಟಿ ಆಗಲಿಲ್ಲ. ಒಬ್ಬರು ಗಾಯಗೊಂಡರೆ ಆ ಜಾಗಕ್ಕೆ ಯಾರು ಬರುತ್ತಾರೆ ಅಂತ ಅದರಲ್ಲಿ ಎಲ್ಲೂ ಕಾಣಲಿಲ್ಲ.

ಅದನ್ನು ಸರಿ ಮಾಡಿಸಿದ್ದು ನಮ್ಮಪ್ಪ. ಅವರು ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಡ್ಯೂಟಿ ಚಾರ್ಟ್ ಬರೆಯುತ್ತಿದ್ದವರು. 2025ರ ಮಾರ್ಚ್‌ನಲ್ಲಿ ನಮ್ಮ ಮನೆಗೆ ಬಂದರು. ನಾನು ರಾತ್ರಿ ಹೊತ್ತು ಏನು ಬರೆಯುತ್ತೇನೆ ಅಂತ ಪಕ್ಕದಲ್ಲಿ ಕೂತು ನೋಡಿದರು. ಆಟದ ನಿಯಮ ಅವರಿಗೆ ಒಂದೂ ಗೊತ್ತಿಲ್ಲ.

"ಪುಟ್ಟಿ, ಇದ್ರಲ್ಲಿ ಬದಲಿ ಎಲ್ಲಿ?" ಅಂದರು.

"ಕೆಳಗಡೆ ಇದಾರೆ ಅಪ್ಪ."

"ಕೆಳಗಡೆ ಇದ್ರೆ ಆಗಲ್ಲ. ಬೆಳಗ್ಗೆ ನಾಲ್ಕೂವರೆ ಗಾಡಿಯ ಡ್ರೈವರ್‌ಗೆ ಜ್ವರ ಬಂತು ಅಂದ್ರೆ ನಾನು ಪಟ್ಟಿ ಪೂರ್ತಿ ಓದ್ತಾ ಕೂರ್ತೀನಾ? ಆ ರೂಟಿನ ಪಕ್ಕದಲ್ಲೇ ಬದಲಿ ಹೆಸರು ಇರ್ಬೇಕು. ಬದಲಿಗೂ ಒಬ್ಬ ಬದಲಿ ಇರ್ಬೇಕು."

ಮರುದಿನವೇ ಇಡೀ ಪಟ್ಟಿಯನ್ನು ತಿರುಗಿಸಿ ಬರೆದೆ. ಒಂದೊಂದು ಸಾಲು ಒಂದೊಂದು ಜಾಗಕ್ಕೆ. ಎಡದಿಂದ ಬಲಕ್ಕೆ ಮೊದಲನೆಯವರು, ಎರಡನೆಯವರು, ಮೂರನೆಯವರು. ಪ್ರತಿ ಹೆಸರಿನ ಕೆಳಗೆ ಐದು ವಿಷಯ: ಗುತ್ತಿಗೆ ಯಾವ ವರ್ಷ ಮುಗಿಯುತ್ತದೆ, ಈ ವರ್ಷ ಕ್ಯಾಪ್ ಮೇಲೆ ಎಷ್ಟು ಭಾರ, ಈಗ ಕೈಬಿಟ್ಟರೆ ಎಷ್ಟು ಉಳಿಯುತ್ತದೆ, ಎಷ್ಟು ಸಾಲವಾಗಿ ನಿಲ್ಲುತ್ತದೆ, ಲೀಗ್‌ನಲ್ಲಿ ಎಷ್ಟು ವರ್ಷದ ಸೇವೆ.

ಸಾಲವಾಗಿ ನಿಲ್ಲುವ ದುಡ್ಡಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲಿ ಎಲ್ಲರೂ ಎಡವುವುದು ಅದರಲ್ಲೇ. ಸಹಿ ಹಾಕಿದಾಗ ಆಟಗಾರನಿಗೆ ಬೋನಸ್ ಕೊಡುತ್ತಾರೆ. ದುಡ್ಡು ಕೈಗೆ ಬೇಗ ಸಿಗುತ್ತದೆ. ಕ್ಯಾಪ್ ಲೆಕ್ಕದಲ್ಲಿ ಮಾತ್ರ ಅದನ್ನು ಗುತ್ತಿಗೆಯ ವರ್ಷಗಳಿಗೆ ಹಂಚಿ ಬರೆಯುತ್ತಾರೆ, ಹೆಚ್ಚೆಂದರೆ ಐದು ವರ್ಷಕ್ಕೆ. 2 ಕೋಟಿ ಡಾಲರ್ ಬೋನಸ್ ಅಂದುಕೊಳ್ಳಿ. ವರ್ಷಕ್ಕೆ 40 ಲಕ್ಷ. ಎರಡು ವರ್ಷ ಆಡಿಸಿ ಕೈಬಿಟ್ಟರೆ ಉಳಿದ 1 ಕೋಟಿ 20 ಲಕ್ಷ ಒಟ್ಟಿಗೆ ಆ ವರ್ಷದ ಲೆಕ್ಕಕ್ಕೆ ಬಂದು ಕೂರುತ್ತದೆ. ಜೂನ್ 1ರ ನಂತರ ಕೈಬಿಟ್ಟರೆ ಈ ವರ್ಷಕ್ಕೆ 40 ಲಕ್ಷ, ಮಿಕ್ಕ 80 ಲಕ್ಷ ಮುಂದಿನ ವರ್ಷಕ್ಕೆ. ಇದಕ್ಕೆ ಡೆಡ್ ಮನಿ ಅಂತ ಹೆಸರು. ಅಪ್ಪನಿಗೆ ಹೇಳಿದೆ: "ಹಸು ಮಾರಿದ ಮೇಲೂ ಸೊಸೈಟಿ ಸಾಲದ ಕಂತು ಕಟ್ಟಿದ ಹಾಗೆ." ತಕ್ಷಣ ಅರ್ಥವಾಯಿತು. ನಾನು ಕಚೇರಿಯಲ್ಲಿ ಮುಂಗಡ ಕೊಟ್ಟ ಖರ್ಚನ್ನು ವರ್ಷವಾರು ಹಂಚಿ ಬರೆಯುವುದೂ ಹೀಗೆಯೇ. ಹಾಗಾಗಿ ಈ ಭಾಗ ನನಗೆ ಬೇಗ ಕೈಗೆ ಹತ್ತಿತು.

ಆ ಮಾರ್ಚ್ ತಿಂಗಳು ನಮ್ಮ ತಂಡಕ್ಕೆ ಕಷ್ಟದ್ದು. ಹಿಂದಿನ ವರ್ಷ 6 ಗೆಲುವು, 11 ಸೋಲು. ಡೀಬೋ ಸ್ಯಾಮ್ಯುಯೆಲ್‌ರನ್ನು ವಾಷಿಂಗ್ಟನ್‌ಗೆ ಕೊಟ್ಟು ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸುವಾಗ, ಬರೀ ಐದನೇ ಸುತ್ತಿನ ಒಂದು ಆಯ್ಕೆ ಪಡೆದರು. ಅವರು ಹೋದ ಮೇಲೂ 3 ಕೋಟಿ ಡಾಲರ್‌ಗಿಂತ ಜಾಸ್ತಿ ಡೆಡ್ ಮನಿ ನಮ್ಮ ಲೆಕ್ಕದಲ್ಲಿ ಉಳಿಯಿತು. ಡ್ರೆ ಗ್ರೀನ್‌ಲಾ ಮತ್ತು ಟಲನೋವಾ ಹುಫಾಂಗಾ ಡೆನ್ವರ್‌ಗೆ ಹೋದರು. ಶಾರ್ವೇರಿಯಸ್ ವಾರ್ಡ್ ಇಂಡಿಯಾನಾಪೊಲಿಸ್‌ಗೆ, ಆರನ್ ಬ್ಯಾಂಕ್ಸ್ ಗ್ರೀನ್ ಬೇಗೆ. ಕೈಲ್ ಯೂಸ್ಚೆಕ್‌ರನ್ನು ಕೈಬಿಟ್ಟು, ಕೆಲವೇ ದಿನಗಳಲ್ಲಿ ಹೊಸ ಗುತ್ತಿಗೆ ಬರೆದು ವಾಪಸ್ ಕರೆದುಕೊಂಡರು. ನನ್ನ ಪಟ್ಟಿಯಲ್ಲಿ ಮೊದಲ ಕಾಲಮ್ ತುಂಬಾ ಖಾಲಿ ಜಾಗ.

ಎಲ್ಲರಿಗಿಂತ ಜಾಸ್ತಿ ನನಗೆ ನೋವಾಗಿದ್ದು ಜೋರ್ಡನ್ ಮೇಸನ್ ಹೋದಾಗ. 2022ರ ಡ್ರಾಫ್ಟ್‌ನಲ್ಲಿ ಯಾರೂ ಅವರನ್ನು ಆರಿಸಿರಲಿಲ್ಲ. 2024ರ ಮೊದಲ ಪಂದ್ಯಕ್ಕೆ, ಚೆಂಡು ಹಿಡಿದು ಓಡುವ ನಮ್ಮ ಮುಖ್ಯ ಆಟಗಾರ ಕ್ರಿಶ್ಚಿಯನ್ ಮೆಕಾಫ್ರಿ ಆಡಲಿಲ್ಲ. ಬದಲಿಯಾಗಿ ಬಂದ ಮೇಸನ್ ನ್ಯೂಯಾರ್ಕ್ ಜೆಟ್ಸ್ ವಿರುದ್ಧ 28 ಬಾರಿ ಚೆಂಡು ಹಿಡಿದು ಓಡಿ 147 ಗಜ ಗಳಿಸಿದರು. ಆ ವರ್ಷ ಮೆಕಾಫ್ರಿ ಆಡಿದ್ದು ನಾಲ್ಕೇ ಪಂದ್ಯ. ಮೇಸನ್ 789 ಗಜ ಓಡಿದರು. ಅವರದು ಮೂರು ವರ್ಷದ ಗುತ್ತಿಗೆ, ಅದು ಮುಗಿದಿತ್ತು. ಮೂರು ವರ್ಷ ಸೇವೆಯಾದವರಿಗೆ ಪೂರ್ತಿ ಬಿಡುಗಡೆ ಇಲ್ಲ. ತಂಡ ಒಂದು ನಿಗದಿತ ಮೊತ್ತ ಮುಂದಿಟ್ಟರೆ ಆಟಗಾರನ ಮೇಲೆ ಅದರ ಹಕ್ಕು ಉಳಿಯುತ್ತದೆ. ಹಾಗೆ ಹಕ್ಕು ಇಟ್ಟುಕೊಂಡು ಅವರನ್ನು ಮಿನೆಸೋಟಾಗೆ ಕೊಟ್ಟು ಡ್ರಾಫ್ಟ್ ಆಯ್ಕೆಗಳನ್ನು ಬದಲಾಯಿಸಿಕೊಂಡರು. ಲೆಕ್ಕದಲ್ಲಿ ಇದು ತಪ್ಪಲ್ಲ. ಆದರೆ ಮೆಕಾಫ್ರಿಯವರ ಪಕ್ಕದ ಜಾಗ ತೆಳ್ಳಗಾಯಿತು. ಆ ಸಾಲಿಗೆ ಅವತ್ತೇ ಕೆಂಪು ಬಣ್ಣ ಹಾಕಿದೆ. ಆಗಸ್ಟ್‌ನಲ್ಲಿ ತಂಡದವರು ವಾಷಿಂಗ್ಟನ್‌ನಿಂದ ಬ್ರಯನ್ ರಾಬಿನ್ಸನ್‌ರನ್ನು ತಂದರು. ಆಮೇಲೆಯೇ ಕೆಂಪು ತೆಗೆದದ್ದು.

ಇನ್ನೊಂದು ತಪ್ಪನ್ನು ಏಪ್ರಿಲ್‌ವರೆಗೂ ಮಾಡುತ್ತಿದ್ದೆ. ಹೊಸಬರನ್ನು ಸೇರಿಸಿದಾಗೆಲ್ಲ ಅವರ ಪೂರ್ತಿ ಮೊತ್ತ ಕ್ಯಾಪ್‌ನಿಂದ ಕಳೆಯುತ್ತಿದ್ದೆ. ನನ್ನ ಲೆಕ್ಕ, ಸಂಬಳದ ಲೆಕ್ಕ ಇಡುವ ತಾಣಗಳ ಲೆಕ್ಕ ಹೊಂದುತ್ತಲೇ ಇರಲಿಲ್ಲ. ಕಾರಣ ಬೇಸಿಗೆಯ ನಿಯಮ. ಆಗ 90 ಜನರಲ್ಲಿ ಜಾಸ್ತಿ ಭಾರದ 51 ಜನರನ್ನು ಮಾತ್ರ ಪೂರ್ತಿ ಲೆಕ್ಕಕ್ಕೆ ಹಿಡಿಯುತ್ತಾರೆ. 20 ಲಕ್ಷ ಡಾಲರ್‌ನ ಒಬ್ಬರು ಬಂದರೆ, 51ನೇ ಸ್ಥಾನದಲ್ಲಿದ್ದ 9 ಲಕ್ಷ 60 ಸಾವಿರದ ಒಬ್ಬರು ಪಟ್ಟಿಯಿಂದ ಕೆಳಗಿಳಿಯುತ್ತಾರೆ. ನಿಜವಾದ ಖರ್ಚು 10 ಲಕ್ಷ 40 ಸಾವಿರ. ಇದು ತಿಳಿದ ದಿನ ಎರಡು ವರ್ಷದ ಪಟ್ಟಿ ತೆಗೆದು ಮತ್ತೆ ಕೂಡಿಸಿದೆ. ಲೆಕ್ಕ ಹೊಂದಿತು. ನೀವೂ ಇಂಥ ಪಟ್ಟಿ ಮಾಡುವುದಾದರೆ ಮೊದಲು ಈ 51ರ ಗೆರೆ ಎಳೆದುಕೊಳ್ಳಿ.

ಕ್ವಾರ್ಟರ್‌ಬ್ಯಾಕ್ ಸಾಲಿಗೆ ಬರುತ್ತೇನೆ. ಇಡೀ ತಂಡದ ದುಡ್ಡಿನ ಕಥೆ ಅದರಲ್ಲೇ ಇದೆ. ಪರ್ಡಿ 2022ರ ಡ್ರಾಫ್ಟ್‌ನಲ್ಲಿ 262ನೆಯವರು, ಅಂದರೆ ಕೊಟ್ಟಕೊನೆಯವರು. ತಂಡಕ್ಕೆ ಬಂದಾಗ ಮೂರನೇ ಕಾಲಮ್‌ನಲ್ಲಿದ್ದವರು. ಟ್ರೇ ಲ್ಯಾನ್ಸ್ ಕಾಲಿನ ಗಂಟು ಮುರಿಯಿತು, ಜಿಮ್ಮಿ ಗರೋಪೊಲೊ ಪಾದ ಮುರಿಯಿತು, ಆಮೇಲೆ ಇವರು. ಡ್ರಾಫ್ಟ್‌ನಲ್ಲಿ ಬಂದವರ ಗುತ್ತಿಗೆಯನ್ನು ಮೂರು ಸೀಸನ್ ಮುಗಿಯುವ ತನಕ ಬದಲಾಯಿಸುವ ಹಾಗಿಲ್ಲ. ಹಾಗಾಗಿ ಸೂಪರ್ ಬೌಲ್‌ಗೆ ಕರೆದೊಯ್ದ ವರ್ಷವೂ ಅವರ ಸಂಬಳ 10 ಲಕ್ಷ ಡಾಲರ್ ಮುಟ್ಟಲಿಲ್ಲ. ಆ ಉಳಿತಾಯದಲ್ಲೇ ಬೇರೆ ದೊಡ್ಡ ಹೆಸರುಗಳನ್ನು ಇಟ್ಟುಕೊಳ್ಳಲು ಆದದ್ದು. 2025ರ ಮೇನಲ್ಲಿ ಐದು ವರ್ಷಕ್ಕೆ 26 ಕೋಟಿ 50 ಲಕ್ಷ ಡಾಲರ್‌ನ ಗುತ್ತಿಗೆ ಆಯಿತು. ನನಗೆ ತುಂಬಾ ಸಂತೋಷವಾಯಿತು, ಅವರಿಗೆ ಅದು ಸಲ್ಲಬೇಕಿತ್ತು. ಇನ್ನು ಮೇಲೆ ಉಳಿದ ಕಾಲಮ್‌ಗಳನ್ನು ಕಡಿಮೆ ಸಂಬಳದ ಹುಡುಗರಿಂದ ತುಂಬಬೇಕು ಅಂತಲೂ ಅದೇ ದಿನ ಗೊತ್ತಾಯಿತು. ತಂಡದವರು ಅದನ್ನು ಮೊದಲೇ ಕಂಡಿದ್ದರು. ಏಪ್ರಿಲ್‌ನ ಡ್ರಾಫ್ಟ್‌ನಲ್ಲಿ 11 ಜನರನ್ನು ಆರಿಸಿದ್ದರು, ಮೊದಲ ಐವರೂ ರಕ್ಷಣೆಯ ಕಡೆಯವರು. ಎರಡನೇ ಕ್ವಾರ್ಟರ್‌ಬ್ಯಾಕ್ ಆಗಿ ಮ್ಯಾಕ್ ಜೋನ್ಸ್‌ರನ್ನು ಮಾರ್ಚ್‌ನಲ್ಲೇ ತಂದಿದ್ದರು. 2023ರ ಆ ಸೋಲಿನ ಪಾಠ ನನ್ನ ಹಾಗೆ ಅವರಿಗೂ ನೆನಪಿರಬೇಕು. ಆ ಪಂದ್ಯದ ನಂತರ ಲೀಗ್ ಕೂಡ ನಿಯಮ ಬದಲಾಯಿಸಿ, ತುರ್ತಿಗೆ ಮೂರನೇ ಕ್ವಾರ್ಟರ್‌ಬ್ಯಾಕ್ ಇಟ್ಟುಕೊಳ್ಳಲು ಅವಕಾಶ ಕೊಟ್ಟಿತು.

ನನ್ನ ಅಂದಾಜು ಪೂರ್ತಿ ತಪ್ಪಿದ್ದು ವೈಡ್ ರಿಸೀವರ್, ಅಂದರೆ ಎಸೆದ ಚೆಂಡು ಹಿಡಿಯುವವರ ಸಾಲಿನಲ್ಲಿ. ಮೇ ತಿಂಗಳಲ್ಲಿ ಅದಕ್ಕೆ ಹಸಿರು ಬಣ್ಣ ಹಾಕಿದ್ದೆ. ಆರೇಳು ಹೆಸರು ಇದ್ದವಲ್ಲ. ಹೆಸರು ಎಣಿಸಿದೆ, ಯಾರ ಮೈ ಗಟ್ಟಿ ಇದೆ ಅಂತ ನೋಡಲಿಲ್ಲ. ಬ್ರ್ಯಾಂಡನ್ ಐಯುಕ್‌ಗೆ ಹಿಂದಿನ ಅಕ್ಟೋಬರ್‌ನಲ್ಲೇ ಮಂಡಿ ಹೋಗಿತ್ತು. ಒಬ್ಬರಿಗೆ ಮೊದಲ ಮೂರು ಪಂದ್ಯ ನಿಷೇಧ. ಆಗಸ್ಟ್ ಅಭ್ಯಾಸದಲ್ಲಿ ಒಬ್ಬೊಬ್ಬರಾಗಿ ಕುಂಟತೊಡಗಿದರು. ಕೊನೆಗೆ ಕ್ಯಾನ್ಸಸ್ ಸಿಟಿಯಿಂದ ಸ್ಕೈ ಮೂರ್‌ರನ್ನು ತರಬೇಕಾಯಿತು. ಆಮೇಲಿಂದ ಪ್ರತಿ ಹೆಸರಿನ ಕೆಳಗೆ ಆರನೇ ವಿಷಯವೂ ಬರೆಯುತ್ತೇನೆ: ಹಿಂದಿನ ವರ್ಷ ಎಷ್ಟು ಪಂದ್ಯ ತಪ್ಪಿತು. ಗುತ್ತಿಗೆಯ ಕಾಗದ ಎಷ್ಟು ಓದಿದರೂ ಅದು ಸಿಗುವುದಿಲ್ಲ.

ಆಗಸ್ಟ್ 26, ಮಂಗಳವಾರ. ಮಧ್ಯಾಹ್ನ 1 ಗಂಟೆಗೆ 53ಕ್ಕೆ ಇಳಿಸುವ ಗಡುವು. ಅವತ್ತು ನಾನು ರಜೆ ಹಾಕಿದ್ದೆ. 32 ತಂಡಗಳೂ ಒಂದೇ ಹೊತ್ತಿಗೆ ಸುಮಾರು 37 ಜನರನ್ನು ಕಳಿಸಬೇಕು. ಒಂದೇ ದಿನ ಸಾವಿರಕ್ಕೂ ಮೇಲೆ ಹುಡುಗರು. ಹೆಸರು ಬಂದ ಹಾಗೆ ಪಟ್ಟಿಯಿಂದ ತೆಗೆಯುತ್ತಾ ಹೋದೆ. ನಾಲ್ಕು ವರ್ಷ ಸೇವೆ ಆದವರು ಆ ಕ್ಷಣದಿಂದಲೇ ಸ್ವತಂತ್ರರು. ಅದಕ್ಕಿಂತ ಕಡಿಮೆಯವರನ್ನು ಬೇರೆ ತಂಡ ಎತ್ತಿಕೊಳ್ಳಬಹುದು, ಅದಕ್ಕೆ ಮರುದಿನ ಬೆಳಗ್ಗೆ 9ರವರೆಗೆ ಸಮಯ. ಯಾರೂ ಎತ್ತಿಕೊಳ್ಳದಿದ್ದರೆ ಅಭ್ಯಾಸದ ತಂಡಕ್ಕೆ ಸೇರಬಹುದು. 2025ರಲ್ಲಿ ತಂಡದಲ್ಲಿ ಉಳಿದ ಹೊಸಬರಿಗೆ ವರ್ಷಕ್ಕೆ ಕನಿಷ್ಠ 8 ಲಕ್ಷ 40 ಸಾವಿರ ಡಾಲರ್ ಇತ್ತು. ಅಭ್ಯಾಸದ ತಂಡದ ಹುಡುಗರಿಗೆ ಆಗ ವಾರಕ್ಕೆ 13 ಸಾವಿರ, ಅದೂ ಇದ್ದಷ್ಟು ವಾರ ಮಾತ್ರ.

ಅಪ್ಪ ಕಾಫಿ ಲೋಟ ಹಿಡಿದು ನೋಡುತ್ತಾ ಕೂತಿದ್ದರು. "ಇವರಿಗೆ ಗುತ್ತಿಗೆ ಇದೆ ಅಂದೆಯಲ್ಲ, ಮೂರು ವರ್ಷದ್ದು?" ಅಂದರು.

"ಇದೆ ಅಪ್ಪ. ಗ್ಯಾರಂಟಿ ಅಂತ ಬರೆದಿರೋ ದುಡ್ಡು ಮಾತ್ರ ಗಟ್ಟಿ. ಮಿಕ್ಕಿದ್ದು ತಂಡದಲ್ಲಿ ಇದ್ರೆ ಮಾತ್ರ."

ಅವರು ಬಹಳ ಹೊತ್ತು ಮಾತಾಡಲಿಲ್ಲ. ನನಗೂ ಆ ಮಧ್ಯಾಹ್ನ ಪ್ರತಿ ವರ್ಷ ಕಷ್ಟ. ಈ ಹುಡುಗರ ಹೆಸರನ್ನು ನಾಲ್ಕು ತಿಂಗಳಿಂದ ಬರೆದಿರುತ್ತೇನೆ, ಯಾವ ಕಾಲೇಜು, ಯಾವ ಊರು ಅಂತ ಗೊತ್ತಿರುತ್ತದೆ. ಹೋದವರ ಹೆಸರನ್ನು ನಾನು ಅಳಿಸುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಹಾಳೆ ಇದೆ, ಅಲ್ಲಿಗೆ ಹಾಕುತ್ತೇನೆ. ಸೆಪ್ಟೆಂಬರ್‌ನಲ್ಲಿ ಯಾರಾದರೂ ಗಾಯಗೊಂಡರೆ ತಂಡದವರು ಮೊದಲು ಫೋನ್ ಮಾಡುವುದು ಇಂಥವರಿಗೇ. ಇದು ಲೆಕ್ಕಕ್ಕೂ ಬೇಕು, ನನ್ನ ಸಮಾಧಾನಕ್ಕೂ ಬೇಕು.

ಸೆಪ್ಟೆಂಬರ್ ಮೊದಲ ವಾರ ಅಪ್ಪ ಹಾಸನಕ್ಕೆ ವಾಪಸ್ ಹೋದರು. ಮೊದಲ ಪಂದ್ಯದಲ್ಲೇ ಜಾರ್ಜ್ ಕಿಟಲ್‌ಗೆ ತೊಡೆಯ ನೋವು, ಪರ್ಡಿಗೆ ಕಾಲ್ಬೆರಳು. ಆಗ ನ್ಯೂ ಇಂಗ್ಲೆಂಡ್ ಕೈಬಿಟ್ಟಿದ್ದ ಕೆಂಡ್ರಿಕ್ ಬೋರ್ನ್‌ರನ್ನು ಕರೆದರು. ಹಿಂದೆ ನಮ್ಮ ತಂಡದಲ್ಲೇ ನಾಲ್ಕು ವರ್ಷ ಆಡಿದ್ದವರು.

ಅಕ್ಟೋಬರ್ 2, ಗುರುವಾರ ಸಂಜೆ, ಲಾಸ್ ಏಂಜಲೀಸ್‌ನಲ್ಲಿ ರ‍್ಯಾಮ್ಸ್ ವಿರುದ್ಧ ಪಂದ್ಯ. ಪರ್ಡಿ ಇಲ್ಲ, ಐಯುಕ್ ಇಲ್ಲ, ಜೆನ್ನಿಂಗ್ಸ್ ಇಲ್ಲ, ಪಿಯರ್ಸಲ್ ಇಲ್ಲ, ಕಿಟಲ್ ಇಲ್ಲ. ಪಟ್ಟಿ ಮುಂದಿಟ್ಟುಕೊಂಡು ಕೂತೆ. ಚೆಂಡು ಎಸೆಯುವ, ಹಿಡಿಯುವ ಸಾಲುಗಳಲ್ಲಿ ಮೊದಲ ಕಾಲಮ್ ಅಷ್ಟೂ ಹೊರಗೆ. ಮ್ಯಾಕ್ ಜೋನ್ಸ್ 342 ಗಜ ಎಸೆದರು. ಬೋರ್ನ್ 10 ಬಾರಿ ಹಿಡಿದು 142 ಗಜ. ಕೊನೆಯಲ್ಲಿ ಎದುರಾಳಿ ಗೆರೆ ದಾಟಿ ಗೆಲ್ಲುವ ಹೊತ್ತಿಗೆ, ಆ ವರ್ಷವೇ ಡ್ರಾಫ್ಟ್‌ನಲ್ಲಿ ಬಂದ ಆಲ್ಫ್ರೆಡ್ ಕಾಲಿನ್ಸ್ ಚೆಂಡಿಗೆ ಗುದ್ದಿ ಉದುರಿಸಿದರು. ಹೆಚ್ಚುವರಿ ಸಮಯದಲ್ಲಿ 26-23ಕ್ಕೆ ಗೆದ್ದೆವು.

ಫೋನ್ ಮಾಡಿದೆ. ಹಾಸನದಲ್ಲಿ ಶುಕ್ರವಾರ ಬೆಳಗ್ಗೆ, ಅಪ್ಪ ತಿಂಡಿ ತಿನ್ನುತ್ತಿದ್ದರು.

"ಗೆದ್ರಾ?"

"ಗೆದ್ವಿ ಅಪ್ಪ. ಎಲ್ಲಾ ಬದಲಿಗಳೇ ಆಡಿದ್ದು."

"ಸರಿ, ಈಗ ಬದಲಿಗಳಿಗೆ ಬದಲಿ ಯಾರಿದಾರೆ ನೋಡು," ಅಂದರು.

ಫೋನ್ ಇಟ್ಟು ಪಟ್ಟಿ ತೆಗೆದೆ. ಲೈನ್‌ಬ್ಯಾಕರ್, ಅಂದರೆ ರಕ್ಷಣೆಯ ನಡುಭಾಗದಲ್ಲಿ ನಿಲ್ಲುವವರ ಸಾಲು ತೆಳ್ಳಗೆ ಕಂಡಿತು. ಗ್ರೀನ್‌ಲಾ ಹೋದ ಮೇಲೆ ಫ್ರೆಡ್ ವಾರ್ನರ್ ಒಬ್ಬರ ಮೇಲೆಯೇ ಆ ಸಾಲು ನಿಂತಿತ್ತು. ಅವರ ಪಕ್ಕ ಇದ್ದ ಹೆಸರು ಟೇಟಮ್ ಬೆಥೂನ್. 2024ರ ಏಳನೇ ಸುತ್ತಿನ ಆಯ್ಕೆ, ಸಂಬಳ ಪಟ್ಟಿಯ ತಳಕ್ಕೆ ಹತ್ತಿರ. ಆ ಸಾಲಿಗೆ ಹಳದಿ ಬಣ್ಣ ಹಾಕಿ ಮಲಗಿದೆ. ಹತ್ತು ದಿನಕ್ಕೆ, ಅಕ್ಟೋಬರ್ 12ರಂದು ಟ್ಯಾಂಪಾದಲ್ಲಿ ವಾರ್ನರ್ ಅವರ ಕಾಲಿನ ಗಂಟು ಮುರಿಯಿತು. ಮೈದಾನಕ್ಕೆ ಬಂದದ್ದು ಬೆಥೂನ್.