ಆಂಪ್ಲಿಫೈಯರ್ ಜೋಡಿಸುವಾಗ ಪ್ಲಗ್ ಕೊನೆಗೆ

ಹೊಸ ಆಂಪ್ಲಿಫೈಯರ್ ಬಂದ ಕೂಡಲೇ ಪ್ಲಗ್ ಹಾಕಿ ಕೇಳೋಣ ಅನ್ನಿಸುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ. ಮೊದಲು ಹಿಂದುಗಡೆ ಬರೆದಿರುವ ವೋಲ್ಟೇಜ್ ನೋಡಿ. ಕೆಲವದರಲ್ಲಿ 115/230 ಸ್ವಿಚ್ ಇರುತ್ತದೆ. ಅದು ನಿಮ್ಮ ಮನೆಯ ಕರೆಂಟಿಗೆ ಹೊಂದಬೇಕು. ಮೇಲುಗಡೆ ಗಾಳಿಯಾಡಲು ಕನಿಷ್ಠ 10 ಸೆಂ.ಮೀ. ಜಾಗ ಬಿಡಿ.

ಸ್ಪೀಕರ್ ವೈರ್ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ತುದಿಯಲ್ಲಿ ಸುಮಾರು 1 ಸೆಂ.ಮೀ. ಮಾತ್ರ ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆದು ಟರ್ಮಿನಲ್‌ಗೆ ಹಾಕಿ. ಆಮೇಲೆ ಟಾರ್ಚ್ ಬಿಟ್ಟು ನೋಡಿ. ಕೂದಲಿನಷ್ಟು ಸಣ್ಣ ಎಳೆಯೊಂದು ಕೆಂಪು, ಕಪ್ಪು ಎರಡಕ್ಕೂ ತಾಗಿದರೆ ಸಾಕು, ಶಾರ್ಟ್ ಆಗಿ ಆಂಪ್ಲಿಫೈಯರ್ ಒಳಗೆ ಸ್ಪೀಕರ್‌ಗೆ ಶಕ್ತಿ ಕೊಡುವ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು. ಆಂಪ್ಲಿಫೈಯರ್ ಮೇಲೆ ಸ್ಪೀಕರ್‌ಗೆ ಕನಿಷ್ಠ 8 ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ) ಎಂದು ಬರೆದಿದ್ದರೆ 4 ಓಮ್ ಸ್ಪೀಕರ್ ಬೇಡ.

ಮೂರು ಪಿನ್ ಪ್ಲಗ್ಗನ್ನು ಅರ್ಥಿಂಗ್ ಇರುವ ಸಾಕೆಟ್‌ಗೇ ಹಾಕಿ. ಗುಂಯ್ ಎನ್ನುವ ಸದ್ದು ಹೋಗಲೆಂದು ಅರ್ಥ್ ಪಿನ್ ಕತ್ತರಿಸುವವರಿದ್ದಾರೆ. ದಯವಿಟ್ಟು ಬೇಡ. ಒಳಗಿನ ಲೈವ್ ವೈರ್ ಬಾಡಿಗೆ ತಾಗಿದರೆ ಮುಟ್ಟಿದವರ ಜೀವಕ್ಕೇ ಅಪಾಯ. ಬದಲಿಗೆ ಎಲ್ಲ ಉಪಕರಣಗಳಿಗೂ ಒಂದೇ ಸಾಕೆಟ್‌ನಿಂದ ಕರೆಂಟ್ ಕೊಟ್ಟು ನೋಡಿ.

ವಾಲ್ಯೂಮ್ ಸೊನ್ನೆಗಿಟ್ಟು, ಆಂಪ್ಲಿಫೈಯರನ್ನು ಕೊನೆಗೆ ಆನ್ ಮಾಡಿ. ಆಫ್ ಮಾಡುವಾಗ ಅದೇ ಮೊದಲು. ಮುಚ್ಚಳವನ್ನಂತೂ ಸುಮ್ನೆ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಚಾರ್ಜ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್‌ಗಳಲ್ಲಿ ಅದು ಉಳಿದು, ಮುಟ್ಟಿದರೆ ಶಾಕ್ ಹೊಡೆಯಬಹುದು.