ಜೋಹಾನ್ಸ್‌ಬರ್ಗ್‌ನಲ್ಲಿ ಸ್ವಂತ ವಕೀಲಿ ಕಚೇರಿ: ಬೋರ್ಡಿಗಿಂತ ಮೊದಲು ಬ್ಯಾಂಕ್ ಖಾತೆ

ಜೋಹಾನ್ಸ್‌ಬರ್ಗ್‌ನಲ್ಲಿ ಸಣ್ಣ ವಕೀಲರ ಕಚೇರಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಕೇಸು ಸೋತು ಬಾಗಿಲು ಹಾಕಿದವರನ್ನು ನಾನು ಕಾಣೆ. ಲೆಕ್ಕ ತಪ್ಪಿ ಬಾಗಿಲು ಹಾಕಿದವರು ಬೇಕಾದಷ್ಟು ಜನ. ಇಲ್ಲಿ ಕಾನೂನು ಓದುತ್ತಿರುವ ನಮ್ಮವರ ಮಕ್ಕಳು ಸಿಕ್ಕಾಗಲೆಲ್ಲ "ಅಂಕಲ್, ಸ್ವಂತ ಆಫೀಸ್ ಹಾಕೋದು ಹೇಗೆ?" ಎನ್ನುತ್ತಾರೆ. ಹೀಗೆ.

ಮೊದಲು ಸನ್ನದು. ಎಲ್‌ಎಲ್‌ಬಿ, ಹಿರಿಯ ಅಟಾರ್ನಿಯ (ಕಕ್ಷಿದಾರರಿಂದ ನೇರವಾಗಿ ಕೇಸು ಹಿಡಿಯುವ ವಕೀಲರ) ಕೈಕೆಳಗೆ ತರಬೇತಿ, ಪರೀಕ್ಷೆಗಳು, ಹೈಕೋರ್ಟಿನಲ್ಲಿ ಪ್ರಮಾಣ, ವಕೀಲರ ಮೇಲ್ವಿಚಾರಣೆ ಮಾಡುವ ಲೀಗಲ್ ಪ್ರಾಕ್ಟೀಸ್ ಕೌನ್ಸಿಲ್‌ನಲ್ಲಿ ನೋಂದಣಿ. ಇಷ್ಟಾದ ಮರುದಿನವೇ ಬೋರ್ಡು ಹಾಕಬೇಡಿ. ಎರಡು ಮೂರು ವರ್ಷ ಬೇರೆಯವರ ಕಚೇರಿಯಲ್ಲಿ ದುಡಿಯಿರಿ. ಆಗ ಕೋರ್ಟಿಗೆ ಮಾತ್ರ ಓಡಾಡದೆ, ಲೆಕ್ಕ ಬರೆಯುವವರ ಪಕ್ಕದಲ್ಲೂ ಕೂತು ನೋಡಿ.

ಎರಡನೆಯದು, ಒಬ್ಬರೇ ನಡೆಸುವುದೋ, ಪಾಲುದಾರಿಕೆಯೋ, ಹೆಸರಿನ ಕೊನೆಗೆ 'ಇಂಕ್' (ಇನ್ಕಾರ್ಪೊರೇಟೆಡ್) ಸೇರಿಸಿ ಕಂಪನಿಯೋ ಅಂತ ತೀರ್ಮಾನಿಸುವುದು. ಕಂಪನಿ ಮಾಡಿದರೆ ಮನೆಮಠ ಸೇಫ್ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2014ರ ಲೀಗಲ್ ಪ್ರಾಕ್ಟೀಸ್ ಕಾಯ್ದೆ ಪ್ರಕಾರ ವಕೀಲರ ಕಂಪನಿಯ ಸಾಲಕ್ಕೆ ಅದರ ಷೇರುದಾರರಾದ ವಕೀಲರೂ ಸ್ವಂತವಾಗಿ ಹೊಣೆ. ಸ್ನೇಹಿತನ ಜೊತೆ ಸೇರುವುದಾದರೆ ಅವನ ವಾದ ಮಾಡುವ ಜಾಣ್ಮೆಗಿಂತ ಅವನು ಕೈಸಾಲ ತೀರಿಸುವ ರೀತಿ ನೋಡಿ.

ಜಾಗ ಕೋರ್ಟಿಗೆ ಹತ್ತಿರ ಇರಲಿ. 1952ರಲ್ಲಿ ಮಂಡೇಲಾ ಮತ್ತು ಅವರ ಹೋರಾಟದ ಸಂಗಾತಿ ಆಲಿವರ್ ಟಾಂಬೊ ವಕೀಲಿ ಕಚೇರಿ ತೆರೆದದ್ದು ಮ್ಯಾಜಿಸ್ಟ್ರೇಟ್ ಕೋರ್ಟಿನ ಎದುರಿನ ಚಾನ್ಸಲರ್ ಹೌಸ್‌ನಲ್ಲಿ. ಆಗ ನಗರದ ನಡುವೆ ಕರಿಯರಿಗೆ ಬಾಡಿಗೆಗೆ ಸಿಗುತ್ತಿದ್ದ ಕಟ್ಟಡಗಳು ತೀರಾ ಕಡಿಮೆ. ಇದರ ಮಾಲೀಕರು ಭಾರತೀಯ ಮೂಲದವರು. ಈಗ ಎಲ್ಲರಿಗೂ ದುಬಾರಿ ಬಡಾವಣೆಯಾದ ಸ್ಯಾಂಡ್ಟನ್‌ನ ಗಾಜಿನ ಕಟ್ಟಡವೇ ಬೇಕು. ಆ ಬಾಡಿಗೆ ಕಟ್ಟಲು ಪರದಾಡುವಾಗಲೇ ಕೈ ಕಕ್ಷಿದಾರರ ಹಣದ ಖಾತೆಗೆ ಹೋಗುವುದು.

ಆಮೇಲೆ ಫಿಡೆಲಿಟಿ ಫಂಡ್ ಸರ್ಟಿಫಿಕೇಟ್. ವಕೀಲ ಕಕ್ಷಿದಾರರ ಹಣ ನುಂಗಿದರೆ ಅದನ್ನು ತುಂಬಿಕೊಡಲು ಇರುವ ನಿಧಿ ಇದು. ಸರ್ಟಿಫಿಕೇಟ್ ಕೈಗೆ ಬರುವ ತನಕ ಕಕ್ಷಿದಾರರಿಂದ ಒಂದು ರ‍್ಯಾಂಡ್ ಮುಂಗಡ ಕೂಡ ಮುಟ್ಟುವ ಹಾಗಿಲ್ಲ. "ಅರ್ಜಿ ಹಾಕಿದ್ದೀನಿ, ಬಂದೇ ಬರುತ್ತೆ" ಅಂತ ಶುರು ಮಾಡಿದವರು ಕೌನ್ಸಿಲ್ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಇನ್ನು ಟ್ರಸ್ಟ್ ಖಾತೆ. ಇಲ್ಲಿ ನಿಧಾನವಾಗಿ ಓದಿ.

ನಮ್ಮ ಕಡೆ ವಕೀಲರ ಕೈಗೆ ದುಡ್ಡು ಕೊಟ್ಟರೆ ಅದರಲ್ಲಿ ಫೀಸೆಷ್ಟು, ಕೋರ್ಟ್ ಖರ್ಚೆಷ್ಟು ಎಂದು ಬಿಡಿಸಿ ಕೇಳುವವರು ಕಡಿಮೆ. ಇಲ್ಲಿ ಎರಡು ಖಾತೆ ಕಡ್ಡಾಯ. ಕಕ್ಷಿದಾರರ ಹಣ ಟ್ರಸ್ಟ್ ಖಾತೆಗೆ, ನೀವು ದುಡಿದು ಬಿಲ್ ಮಾಡಿದ ಹಣ ಬಿಸಿನೆಸ್ ಖಾತೆಗೆ. ಟ್ರಸ್ಟ್ ಖಾತೆಯ ಬಡ್ಡಿ ಕೂಡ ನಿಮ್ಮದಲ್ಲ, ಅದು ಫಿಡೆಲಿಟಿ ಫಂಡಿಗೆ ಹೋಗುತ್ತದೆ.

ಎಡವುವುದು ಎಲ್ಲಿ ಅಂದರೆ, ಬ್ಯಾಂಕಿನಲ್ಲಿ ಖಾತೆ ಒಂದೇ, ಒಳಗಿನ ಹಣ ಹತ್ತಾರು ಜನರದು. ಒಬ್ಬರು 20,000 ರ‍್ಯಾಂಡ್ ಕಟ್ಟಿದ್ದಾರೆ, ಇನ್ನೊಬ್ಬರು 50,000. ಬ್ಯಾಂಕ್ ತೋರಿಸುವುದು 70,000. ಮೊದಲನೆಯವರ ಕೇಸನ್ನು ಕೋರ್ಟಿನಲ್ಲಿ ವಾದಿಸಲು ನೀವು ಗೊತ್ತುಮಾಡಿದ ಅಡ್ವೊಕೇಟ್ 26,000ದ ಬಿಲ್ ಕಳಿಸುತ್ತಾರೆ. ಖಾತೆ ತುಂಬಿದೆಯಲ್ಲ ಎಂದು ನೀವು ಕಟ್ಟಿಬಿಡುತ್ತೀರಿ. ಈಗ ಉಳಿದದ್ದು 44,000. ಎರಡನೆಯವರಿಗೆ ಕೊಡಬೇಕಾದದ್ದು 50,000. ಅವರಿಗೆ ಗೊತ್ತೇ ಇಲ್ಲದೆ ಅವರ 6,000 ಬೇರೆಯವರ ಕೇಸಿಗೆ ಹೋಯಿತು. ಇದೇ ಟ್ರಸ್ಟ್ ಕೊರತೆ. "ನಾಳೆ ತುಂಬಿಬಿಡ್ತೀನಿ" ಎಂದರೆ ಮುಗಿಯುವುದಿಲ್ಲ. ತುಂಬಲೂ ಬೇಕು, ಕೌನ್ಸಿಲ್‌ಗೆ ಬರೆದು ತಿಳಿಸಲೂ ಬೇಕು.

ಅದಕ್ಕೆ ಒಬ್ಬೊಬ್ಬ ಕಕ್ಷಿದಾರರಿಗೂ ಬೇರೆ ಲೆಡ್ಜರ್ ಇಡಿ. ಹಣ ಕಟ್ಟುವ ಮುಂಚೆ ಬ್ಯಾಂಕ್ ಬ್ಯಾಲೆನ್ಸ್ ನೋಡಬೇಡಿ, ಆ ಕಕ್ಷಿದಾರರ ಲೆಡ್ಜರ್ ನೋಡಿ. ಬ್ಯಾಂಕ್ ಚಾರ್ಜು ಬಿಸಿನೆಸ್ ಖಾತೆಯಿಂದಲೇ ಕತ್ತರಿಸಬೇಕು ಎಂದು ಖಾತೆ ತೆರೆಯುವ ದಿನವೇ ಬರೆಸಿಕೊಳ್ಳಿ. ನಿಮ್ಮ ಫೀಸನ್ನು ಬಿಲ್ ಕೊಟ್ಟ ಮೇಲಷ್ಟೇ ಟ್ರಸ್ಟ್‌ನಿಂದ ತೆಗೆಯಿರಿ. ತಿಂಗಳ ಕೊನೆಗೆ ಎಲ್ಲ ಲೆಡ್ಜರ್‌ಗಳ ಮೊತ್ತವನ್ನು ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕ ಇಟ್ಟು ತಾಳೆ ನೋಡಿ. ಈ ಕೆಲಸ ಗುಮಾಸ್ತರಿಗೆ ಬಿಡಬೇಡಿ. ಯಜಮಾನರು ನೀವು, ಸಹಿ ನಿಮ್ಮದು, ಸಿಕ್ಕಿಬೀಳುವವರೂ ನೀವೇ.

ಅಂಗಡಿಗಳಿಗೆ ಅಂತ ಮಾಡಿದ ಪುಕ್ಕಟೆ ಬಿಲ್ಲಿಂಗ್ ಆ್ಯಪ್‌ಗಳನ್ನು ಇದಕ್ಕೆ ಬಳಸುವವರಿದ್ದಾರೆ. ಬಂದದ್ದನ್ನೆಲ್ಲ ಅವು ಆದಾಯ ಎಂದೇ ಬರೆದುಕೊಳ್ಳುತ್ತವೆ. ಅದಕ್ಕಿಂತ ರೂಲು ಹಾಕಿದ ನೋಟ್‌ಬುಕ್ ವಾಸಿ. ಟ್ರಸ್ಟ್ ಲೆಡ್ಜರ್ ಇರುವ ವಕೀಲರ ಸಾಫ್ಟ್‌ವೇರ್‌ಗೇ ದುಡ್ಡು ಹಾಕಿ, ಕಾಫಿ ಮೆಷಿನ್ ಆಮೇಲೆ ತಂದರಾಯಿತು. ಇನ್ನೊಂದು: ಕಕ್ಷಿದಾರರ ಬ್ಯಾಂಕ್ ಖಾತೆ ಬದಲಾಗಿದೆ ಎಂದು ಇಮೇಲ್ ಬಂದರೆ ಫೈಲಿನಲ್ಲಿರುವ ಹಳೇ ನಂಬರಿಗೆ ಫೋನ್ ಮಾಡಿ ಕೇಳಿ. ಆ ಇಮೇಲ್‌ನಲ್ಲೇ ಇರುವ ನಂಬರಿಗೆ ಮಾತ್ರ ಬೇಡ.

ಗೆದ್ದರೆ ಮಾತ್ರ ಫೀಸು ಎಂಬ ಒಪ್ಪಂದದಲ್ಲೂ ಜಾಸ್ತಿ ಜನ ಜಾರುತ್ತಾರೆ. ಅಪಘಾತ ಪರಿಹಾರದ ಕೇಸುಗಳಲ್ಲಿ "25 ಪರ್ಸೆಂಟ್ ನಮ್ಮದು" ಎಂದು ಸಲೀಸಾಗಿ ಹೇಳಿಬಿಡುತ್ತಾರೆ. 1997ರ ಕಂಟಿಂಜೆನ್ಸಿ ಫೀಸ್ ಕಾಯ್ದೆ ಹಾಗೆ ಹೇಳಿಲ್ಲ. ನಿಮ್ಮ ಮಾಮೂಲು ಫೀಸಿನ ಎರಡು ಪಟ್ಟು, ಬಂದ ಹಣದ ಶೇ 25, ಇವೆರಡರಲ್ಲಿ ಯಾವುದು ಕಡಿಮೆಯೋ ಅದೇ ಮಿತಿ. 8 ಲಕ್ಷ ರ‍್ಯಾಂಡ್ ಬಂತು, ಮಾಮೂಲು ಫೀಸು 60,000 ಅನ್ನಿ. ಹೆಚ್ಚೆಂದರೆ 1,20,000 ತೆಗೆದುಕೊಳ್ಳಬಹುದು, 2 ಲಕ್ಷ ಅಲ್ಲ. ಅಂದರೆ ಎಷ್ಟು ಗಂಟೆ ಕೆಲಸ ಮಾಡಿದಿರಿ ಎಂಬ ಲೆಕ್ಕ ಮೊದಲ ದಿನದಿಂದ ಬರೆದಿಟ್ಟಿರಬೇಕು.

ಬೋರ್ಡು, ವಿಸಿಟಿಂಗ್ ಕಾರ್ಡು, ವೆಬ್‌ಸೈಟು ಒಂದು ವಾರದ ಕೆಲಸ.

ಫಿಡೆಲಿಟಿ ಸರ್ಟಿಫಿಕೇಟ್ ಪ್ರತಿ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಟ್ರಸ್ಟ್ ಖಾತೆಯ ಆಡಿಟ್ ವರದಿ ಬಾಕಿ ಇದ್ದರೆ ಹೊಸದು ಸಿಗುವುದು ಕಷ್ಟ. ಡಿಸೆಂಬರ್‌ನಲ್ಲಿ ಆಡಿಟರ್‌ಗಳು ಡರ್ಬನ್ ಬೀಚಿನಲ್ಲಿರುತ್ತಾರೆ, ಫೋನ್ ಎತ್ತುವುದಿಲ್ಲ. ಊರಿಗೆ ಟಿಕೆಟ್ ಬುಕ್ ಮಾಡುವ ಮೊದಲೇ ಅರ್ಜಿ ಹಾಕಿಬಿಡಿ.